ಹೊನ್ನಾವರ, ಗೇರುಸೊಪ್ಪ ಕಡೆ ಹಳೇ ಜಾಗ ನೋಡೋಕೆ ಬರೋರು ಪದೇ ಪದೇ ಕೇಳೋ ಪ್ರಶ್ನೆಗಳು

ದೀಪಾವಳಿ ರಜೆ, ಕ್ರಿಸ್‌ಮಸ್ ರಜೆ ಬಂತು ಅಂದ್ರೆ ನನ್ನ ಫೋನ್ ಶುರುವಾಗ್ತದೆ. ಬೆಂಗ್ಳೂರಲ್ಲಿರೋ ಭಾವ, ಭಾವನ ಆಫೀಸಿನವರು, ಅವರ ಪಕ್ಕದ ಮನೆಯವರು, ಎಲ್ಲರದ್ದೂ ಅದದೇ ಪ್ರಶ್ನೆ. ವಾಯ್ಸ್ ಮೆಸೇಜಲ್ಲಿ ಹೇಳಿ ಹೇಳಿ ಸಾಕಾಗಿ ಒಂದೇ ಸಲ ಬರ್ದಿಟ್ಟಿದ್ದೇನೆ. ಓದ್ಕೊಂಡು ಬನ್ನಿ, ಆಮೇಲೂ ಡೌಟ್ ಇದ್ರೆ ಫೋನ್ ಮಾಡಿ.

ಹೊನ್ನಾವರದಲ್ಲಿ ನೋಡೋಕೆ ಎಂತ ಇದೆ ಮಾರಾಯ್ರೆ, ಅದು ಮುರುಡೇಶ್ವರಕ್ಕೆ ಹೋಗುವಾಗ ಸಿಗೋ ಊರು ಅಲ್ವಾ?

ಹೌದು, ಬಹಳ ಜನಕ್ಕೆ ಹೊನ್ನಾವರ ಅಂದ್ರೆ ಬಸ್ಸಿನ ಕಿಟಕಿಯಿಂದ ಎರಡು ನಿಮಿಷ ಕಾಣೋ ಶರಾವತಿ ಬ್ರಿಜ್, ಅಷ್ಟೇ. ಹಂಪಿ ತರ ಕಲ್ಲಿನ ರಥ, ಹೆಜ್ಜೆಗೊಬ್ಬ ಗೈಡು ಇಲ್ಲಿಲ್ಲ, ಮೊದಲೇ ಹೇಳಿಬಿಡ್ತೇನೆ, ಆಮೇಲೆ ನನ್ನ ಬೈಬೇಡಿ.

ಆದ್ರೆ ಒಂದು ವಿಷಯ ತಲೇಲಿ ಇಟ್ಕೊಂಡು ಬಂದ್ರೆ ಈ ಊರು ಬೇರೇನೇ ಕಾಣ್ತದೆ. ಇಲ್ಲಿ ಹಿಂದೆ ರಸ್ತೆ ಅಂದ್ರೆ ಹೊಳೆ. ಘಟ್ಟದ ಮೇಲಿನ ಕಾಳುಮೆಣಸು ಹೇರುಎತ್ತಿನ ಮೇಲೆ ಗೇರುಸೊಪ್ಪಕ್ಕೆ ಇಳೀತಿತ್ತು, ಅಲ್ಲಿಂದ ದೋಣಿ ಹತ್ತಿ ಹೊನ್ನಾವರ, ಹೊನ್ನಾವರದ ಅಳಿವೆಯಿಂದ ಹಡಗು ಹತ್ತಿ ಅರಬರ ನಾಡಿಗೋ ಪೋರ್ಚುಗೀಸರ ಲಿಸ್ಬನ್‌ಗೋ. ಬಸದಿ ಯಾಕೆ ಕಾಡೊಳಗೆ ಇದೆ, ಕೋಟೆ ಯಾಕೆ ಸಮುದ್ರದ ಮಧ್ಯ ಇದೆ, ಇಷ್ಟು ಸಣ್ಣ ಊರಿಗೆ ಯಾಕೆ ಅಷ್ಟು ಜನ ಹೊಡೆದಾಡಿದ್ರು ಎಲ್ಲದಕ್ಕೂ ಉತ್ತರ ಅದೇ ಹೊಳೆ. ಅದನ್ನ ಬಿಟ್ಟು ಗೂಗಲ್ ಮ್ಯಾಪ್ ಹಿಡಿದು ಒಂದೊಂದೇ ಪಾಯಿಂಟ್ ಟಿಕ್ ಮಾಡ್ತಾ ಹೋದ್ರೆ ನಾಲ್ಕು ಕಡೆ ನಾಲ್ಕು ಮುರುಕು ಗೋಡೆ ನೋಡಿದಂಗೆ ಆಗ್ತದೆ. ನಮ್ಮ ಭಾವ ಮೊದಲ ಸಲ ಹಾಗೇ ಮಾಡಿ "ಪೆಟ್ರೋಲ್ ದಂಡ" ಅಂದಿದ್ರು.

ಬರೋದು ಹೇಗೆ?

ತುಮಕೂರಲ್ಲಿ, ಭದ್ರಾವತಿಲಿ, ಶಿವಮೊಗ್ಗದಲ್ಲಿ ಬಿ.ಎಚ್. ರಸ್ತೆ ಅಂತ ಇದೆಯಲ್ಲ, ಆ ಎಚ್ ಅಂದ್ರೆ ಹೊನ್ನಾವರ. ಬೆಂಗಳೂರು–ಹೊನ್ನಾವರ ರಸ್ತೆ. ಅದೇ ರಸ್ತೇಲಿ ಅಂಗಡಿ ಇಟ್ಕೊಂಡವರಿಗೂ ಎಷ್ಟೋ ಜನಕ್ಕೆ ಗೊತ್ತಿರಲ್ಲ. ಆ ರಸ್ತೆ ಹಿಡಿದು ಸಾಗರ ದಾಟಿ, ಮಾವಿನಗುಂಡಿ ಬಿಟ್ಟು ಘಟ್ಟ ಇಳಿದ್ರೆ ಗೇರುಸೊಪ್ಪ, ಅಲ್ಲಿಂದ ಸುಮಾರು 30 ಕಿಲೋಮೀಟರು ಹೊನ್ನಾವರ. ಈಗ ಅದಕ್ಕೆ ರಾಷ್ಟ್ರೀಯ ಹೆದ್ದಾರಿ 69 ಅಂತಾರೆ, ಹಳಬರ ಬಾಯಲ್ಲಿ ಇನ್ನೂ 206. ಮಂಗಳೂರು, ಗೋವಾ ಕಡೆಯವರಿಗೆ ಹೆದ್ದಾರಿ 66 ಇದೆ, ಕೊಂಕಣ ರೈಲೂ ಇದೆ. ರೈಲಲ್ಲಿ ಬಂದ್ರೆ ಒಂದು ಲಾಭ, ಶರಾವತಿ ಮೇಲಿನ ರೈಲು ಸೇತುವೆ 2 ಕಿಲೋಮೀಟರಿಗೂ ಉದ್ದ ಇದೆ, ಕೊಂಕಣ ರೈಲ್ವೆಲೇ ಅತಿ ಉದ್ದದ್ದು, ಬಾಗಿಲ ಹತ್ರ ನಿಂತು ಅಲ್ಲ, ಕಿಟಕಿ ಪಕ್ಕ ಕೂತು ನೋಡಿ.

ಘಟ್ಟದ ದಾರೀಲಿ ಸಿಂಗಳೀಕ ಕಂಡ್ರೆ ಗಾಡಿ ನಿಲ್ಲಿಸಿ ಬಿಸ್ಕಿಟ್ ಹಾಕ್ಬೇಡಿ. ಅವು ಮರ ಬಿಟ್ಟು ರಸ್ತೆಗೆ ಇಳಿಯೋದನ್ನ ಕಲ್ತು ಗಾಡಿ ಕೆಳಗೆ ಸಿಕ್ತವೆ.

ಯಾವ ತಿಂಗಳಲ್ಲಿ ಬಂದ್ರೆ ಒಳ್ಳೇದು?

ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಮಾರ್ಚ್ ಆದ್ಮೇಲೆ ಬೆವರಲ್ಲೇ ಸ್ನಾನ. ಮಳೆಗಾಲ ನೋಡೋಕೆ ಚಂದ, ಆದ್ರೆ ಬಸದಿ ಕಡೆ ಕಾಡಿನ ದಾರೀಲಿ ಉಂಬಳ, ಅಂದ್ರೆ ರಕ್ತ ಹೀರೋ ಜಿಗಣೆ. ಒಂದು ಸೆಪ್ಟೆಂಬರಲ್ಲಿ ಅತ್ತಿಗೆಯವರನ್ನ ಕರ್ಕೊಂಡು ಹೋಗಿದ್ದೆ, ಬಿಳಿ ಸಲ್ವಾರ್ ಹಾಕ್ಕೊಂಡು ಬಂದಿದ್ರು ಪಾಪ, ವಾಪಸ್ ಬಂದು ಕಾರಲ್ಲಿ ಕೂತಾಗ ಮೊಣಕಾಲಿನಿಂದ ಕೆಳಗೆ ಕೆಂಪು ಕೆಂಪು. ಉಪ್ಪು, ಸುಣ್ಣ ಎರಡೂ ಮನೇಲೇ ಬಿಟ್ಟು ಬಂದಿದ್ದೆ. ಇವತ್ತಿಗೂ ನಾನು "ಅತ್ತಿಗೆ, ಒಂದು ಜಾಗ ತೋರಿಸ್ತೇನೆ ಬನ್ನಿ" ಅಂದ್ರೆ ಅವರು ಎದ್ದು ಅಡುಗೆಮನೆಗೆ ಹೋಗ್ತಾರೆ.

ಗೇರುಸೊಪ್ಪ ಫಾಲ್ಸ್ ಎಲ್ಲಿದೆ? ಹಳೇ ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದೆ, ಮ್ಯಾಪಲ್ಲಿ ಸಿಗ್ತಿಲ್ಲ.

ಸಿಗಲ್ಲ. ಅದು ಜೋಗ. ಬ್ರಿಟಿಷರು ಜೋಗವನ್ನೇ ಗೇರುಸೊಪ್ಪ ಫಾಲ್ಸ್ ಅಂತ ಬರೀತಿದ್ರು. ಈಗ ಗೇರುಸೊಪ್ಪದಲ್ಲಿ ಇರೋದು ಶರಾವತಿ ಟೇಲ್‌ರೇಸ್ ಡ್ಯಾಮು, ವಿದ್ಯುತ್ ತೆಗೆದ ನೀರನ್ನೇ ಹಿಡಿದು ಇನ್ನೊಂದು ಸಲ ವಿದ್ಯುತ್ ತೆಗೆಯೋದು, 240 ಮೆಗಾವಾಟು. ಹಂಗಾಗಿ ಕೆಳಗೆ ಹೊಳೇಲಿ ನೀರು ಒಮ್ಮೆ ಇದ್ದಂಗೆ ಇನ್ನೊಮ್ಮೆ ಇರಲ್ಲ. ಬಂಡೆ ಮೇಲೆ ಕೂತು ಕಾಲು ಇಳಿಬಿಡೋರು, ಈಜಾಡೋರು ಇದನ್ನ ನೆನಪಿಡಿ.

ಚತುರ್ಮುಖ ಬಸದಿಗೆ ಹೋಗೋದು ಹೇಗೆ? ಅಷ್ಟು ದೂರ ಹೋದ್ರೆ ನೋಡೋಕೆ ಏನಿದೆ?

ಇಡೀ ಟ್ರಿಪ್ಪಲ್ಲಿ ಒಂದೇ ಜಾಗ ನೋಡೋಕೆ ಟೈಮ್ ಇದ್ರೆ ಇದನ್ನ ನೋಡಿ, ಬೀಚು ಗೀಚು ಆಮೇಲೆ.

ಬಸದಿ ಇರೋ ಊರಿನ ಹೆಸರು ನಗರಬಸ್ತಿಕೇರಿ. ಹೆಸರಲ್ಲೇ ನೋಡಿ, ನಗರ, ಬಸ್ತಿ, ಕೇರಿ. ಈಗ ಅಲ್ಲಿ ನಗರ ಇಲ್ಲ, ಕಾಡು ಇದೆ. ಗೇರುಸೊಪ್ಪ ಪೇಟೆಯಿಂದ ಹೊಳೆ ಆಚೆ ದಡ, ಪೇಟೇಲಿ ಯಾವ ಚಾ ಅಂಗಡೀಲಿ ಕೇಳಿದ್ರೂ ದಾರಿ ಹೇಳ್ತಾರೆ, ಹಿಂದೆಲ್ಲ ದೋಣೀಲೇ ದಾಟೋದು. ಒಳಗೆ ನೆಟ್‌ವರ್ಕ್ ನಂಬ್ಕೊಂಡು ಹೋಗ್ಬೇಡಿ, ನೀರಿನ ಬಾಟಲಿ ತಗೊಳ್ಳಿ, ಬಾಟಲಿ ವಾಪಸ್ಸೂ ತಗೊಂಡು ಬನ್ನಿ.

ಬಸದಿ 16ನೇ ಶತಮಾನದ್ದು, ಕಲ್ಲಿಂದು. ಮೇಲಿಂದ ನೋಡಿದ್ರೆ ಕೂಡಿಸೋ ಚಿಹ್ನೆ ತರ ಇದೆ ಅದರ ಆಕಾರ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಬಾಗಿಲಿಂದ ಒಳಗೆ ಹೋದ್ರೂ ಎದುರಿಗೆ ಒಬ್ಬ ತೀರ್ಥಂಕರ ಕೂತಿರ್ತಾನೆ. ಕಾರ್ಕಳದ ಚತುರ್ಮುಖ ಬಸದಿ ನೋಡಿದವರಿಗೆ ಥಟ್ಟಂತ ಹೊಳೀತದೆ, ಅದೇ ಯೋಚನೆ. ಕಾರ್ಕಳದ್ದು ಊರ ಮಧ್ಯ ಗುಡ್ಡದ ಮೇಲೆ ಎಲ್ಲರಿಗೂ ಕಾಣೋ ಹಾಗೆ ಇದೆ, ಇದು ಮರಗಳ ನಡುವೆ ಒಂದೇ ನಿಂತಿದೆ, ಅಷ್ಟೇ ವ್ಯತ್ಯಾಸ.

ಹೊರಗೆ ಉರಿ ಬಿಸಿಲಿದ್ರೂ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ರೆ ಕಲ್ಲು ತಣ್ಣಗೆ, ಬಾವಿಕಟ್ಟೆ ಮೇಲೆ ನಿಂತಂಗೆ. ಮೊದಲು ಏನೂ ಕಾಣಲ್ಲ, ಬಾವಲಿ ವಾಸನೆ ಬರ್ತದೆ, ಮೇಲೆ ಏನೋ ಪಟಪಟ ಅಂತದೆ. ಮೊಬೈಲ್ ಟಾರ್ಚ್ ಹಾಕ್ಬೇಡಿ, ಒಂದೆರಡು ನಿಮಿಷ ಸುಮ್ನೆ ನಿಲ್ಲಿ. ಬಾಗಿಲಿಂದ ಬರೋ ಬೆಳಕೇ ಸಾಕು, ನಿಧಾನಕ್ಕೆ ಮೊದಲು ಮೂರ್ತಿಯ ಮಂಡಿ ಕಾಣ್ತದೆ, ಆಮೇಲೆ ಎದೆ, ಮುಖ ಎಲ್ಲಕ್ಕಿಂತ ಕೊನೆಗೆ. ಆಮೇಲೆ ಹೊರಗೆ ಬಂದು ಇನ್ನೊಂದು ಬಾಗಿಲಿಂದ ಹೋಗಿ. ಮಕ್ಕಳು ನಾಲ್ಕೂ ಬಾಗಿಲು ಸುತ್ತಿ ಯಾವ ಮೂರ್ತಿ ನಗ್ತಿದೆ ಅಂತ ಜಗಳ ಆಡ್ತಾರೆ, ಆಡ್ಲಿ.

ಅಲ್ಲೇ ಸುತ್ತಮುತ್ತ ಇನ್ನೂ ಹಾಳು ಬಿದ್ದ ಬಸದಿಗಳು, ಶಾಸನದ ಕಲ್ಲುಗಳು, ಜ್ವಾಲಾಮಾಲಿನಿ ಅನ್ನೋ ಜೈನ ದೇವಿಯ ಗುಡಿ ಇದೆ. ಬಸದಿ ಒಂದನ್ನೇ ನೋಡಿ ಸೆಲ್ಫಿ ಹೊಡ್ಕೊಂಡು ತಿರುಗಿಬಿಡೋರೇ ಜಾಸ್ತಿ. ಅವಸರ ಮಾಡ್ಬೇಡಿ. ದಾರಿ ಪಕ್ಕ ಎಲೆ ಕೆಳಗೆ ಉದ್ದಕ್ಕೆ ನೇರವಾಗಿ ಹೋಗೋ ಚಿರೆಕಲ್ಲಿನ ಸಾಲು ಕಾಣ್ತದಲ್ಲ, ಅದು ಬಂಡೆ ಅಲ್ಲ, ಯಾವುದೋ ಮನೆಯ ಪಾಯ.

ಅಷ್ಟು ದೊಡ್ಡ ನಗರ ಇತ್ತು ಅಂತೀರಿ, ಜನ ಎಲ್ಲಿ ಹೋದ್ರು? ಇಲ್ಲಿ ಆಳಿದ ರಾಣಿ ಚೆನ್ನಭೈರಾದೇವಿ ಅರಮನೆ ಎಲ್ಲಿದೆ?

ಅರಮನೆ ಇಲ್ಲ. 1623ರಲ್ಲೇ ಇರಲಿಲ್ಲ.

ಹೇಗೆ ಗೊತ್ತು ಅಂದ್ರೆ, ಆ ವರ್ಷ ಪಿಯೆತ್ರೊ ದೆಲ್ಲಾ ವಾಲೆ ಅನ್ನೋ ಇಟಲಿಯವ ಗೋವಾದಿಂದ ಹೊನ್ನಾವರಕ್ಕೆ ಬಂದು, ಇಲ್ಲಿಂದ ದೋಣೀಲಿ ಹೊಳೆ ಏರಿ ಗೇರುಸೊಪ್ಪಕ್ಕೆ ಹೋಗಿ, ಘಟ್ಟ ಹತ್ತಿ ಆಗಿನ ಕೆಳದಿಯವರ ರಾಜಧಾನಿ ಇಕ್ಕೇರಿಗೆ ಹೋದ. ಪೋರ್ಚುಗೀಸ್ ರಾಯಭಾರಿ ಕೆಳದಿಯ ವೆಂಕಟಪ್ಪ ನಾಯಕನ್ನ ನೋಡೋಕೆ ಹೊರಟಿದ್ದ, ಅವನ ಜೊತೆ. ಶರಾವತಿ ಎಷ್ಟು ಚಂದ ಅಂತ ಬಾಯ್ತುಂಬ ಹೊಗಳಿದ್ದಾನೆ. ಗೇರುಸೊಪ್ಪ ನೋಡಿದ್ರೆ ಅರಮನೆ, ಪೇಟೆ ಎಲ್ಲ ಬಿದ್ದು ಮರ ಬೆಳೆದು, ರೈತರ ನಾಲ್ಕು ಗುಡಿಸಲು ಬಿಟ್ರೆ ಏನಿಲ್ಲ ಅಂತ ಬರೆದಿದ್ದಾನೆ. ರಾಣಿ ಸೋತು ಇನ್ನೂ ಇಪ್ಪತ್ತು ವರ್ಷ ಆಗಿರ್ಲಿಲ್ಲ ನೋಡಿ. ನಮ್ಮ ಕಡೆ ಮಳೆ ಗೊತ್ತಲ್ಲ, ಮನೆಗೆ ಎರಡು ವರ್ಷ ಹಂಚು ಕೈಯಾಡಿಸಿಲ್ಲ ಅಂದ್ರೆ ಮಾಡು ಕೂತುಬಿಡ್ತದೆ.

ರಾಣಿ ಚೆನ್ನಭೈರಾದೇವಿ ಸಾಳುವ ಮನೆತನದವಳು, ಜೈನಳು, 1552ರಿಂದ 1606ರವರೆಗೆ, 54 ವರ್ಷ ಆಳಿದಳು ಅಂತ ಲೆಕ್ಕ. ಪೋರ್ಚುಗೀಸರು ಅವಳನ್ನ ಕರೀತಿದ್ದದ್ದು "ರೈನಾ ದ ಪಿಮೆಂಟಾ", ಅಂದ್ರೆ ಕಾಳುಮೆಣಸಿನ ರಾಣಿ. ಅವರಿಗೆ ಮೆಣಸು ಬೇಕು, ಮೆಣಸು ಇವಳ ಕೈಲಿ, ಹಂಗಾಗಿ ವ್ಯಾಪಾರವೂ ನಡೀತಿತ್ತು, ಮಧ್ಯ ಮಧ್ಯ ಯುದ್ಧವೂ ನಡೀತಿತ್ತು. ಕೊನೆಗೆ ಸೋಲಿಸಿದ್ದು ಅವರಲ್ಲ, ಕೆಳದಿಯವರು. ಇಕ್ಕೇರಿಯ ಸೆರೇಲಿ ತೀರ್ಕೊಂಡಳು ಅಂತ ನಮ್ಮ ಕಡೆ ಹೇಳ್ತಾರೆ.

ಅದೇ ಇಟಲಿಯವ ರಾಣಿ ಯಾರನ್ನೋ ಪ್ರೀತಿ ಮಾಡಿ ರಾಜ್ಯ ಕಳ್ಕೊಂಡಳು ಅಂತ ಒಂದು ಕತೆಯನ್ನೂ ಬರೆದಿಟ್ಟಿದ್ದಾನೆ, ಕೆಲವರು ಅದನ್ನೇ ಇತಿಹಾಸ ಅಂತ ಹೇಳ್ಕೊಂಡು ತಿರುಗ್ತಾರೆ. ಗೆದ್ದವರ ರಾಜ್ಯದಲ್ಲಿ ಕೂತು ಕೇಳಿದ ಸುದ್ದಿ ಅದು. 54 ವರ್ಷ ಆಳಿದ ಗಂಡಸಿನ ಬಗ್ಗೆ ಯಾರೂ ಹೀಗೆ ಬರೀತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದಿದ್ದು ನಿಜವಾ?

ನಿಜ. 14ನೇ ಶತಮಾನದಲ್ಲಿ, 1342ರ ಆಸುಪಾಸು. ಅವನ ಬಾಯಲ್ಲಿ ಊರಿನ ಹೆಸರು ಹಿನೌರ್. ಆಗ ಇಲ್ಲಿ ಜಮಾಲುದ್ದೀನ್ ಅನ್ನೋ ಸುಲ್ತಾನ ಇದ್ದ. ಹೆಣ್ಮಕ್ಕಳು ಖುರಾನ್ ಬಾಯಿಪಾಠ ಹೇಳ್ತಾರೆ, ಊರಲ್ಲಿ ಹೆಣ್ಮಕ್ಕಳ ಶಾಲೆ 13, ಗಂಡುಮಕ್ಕಳದ್ದು 23, ಬೇರೆಲ್ಲೂ ಇಂಥದ್ದು ನೋಡಿಲ್ಲ ಅಂತ ಬರೆದಿದ್ದಾನೆ. ಮೊರಾಕೋದಿಂದ ಇಲ್ಲಿವರೆಗೆ ಸುತ್ತಿದ ಮನುಷ್ಯ ಹೇಳಿದ್ದು ಅಂದ್ರೆ ಸಣ್ಣ ಮಾತಲ್ಲ. ಹೆಂಗಸರು ಹೊಲಿದ ಬಟ್ಟೆ ಹಾಕಲ್ಲ, ಒಂದೇ ಬಟ್ಟೆ ಸುತ್ಕೊಂಡು ಅದರ ಇನ್ನೊಂದು ತುದಿ ತಲೆ ಮೇಲೆ ಹಾಕ್ಕೊಳ್ತಾರೆ ಅಂತಲೂ ಇದೆ, ಸೀರೆ ತಾನೇ.

"ಆ ಶಾಲೆ ಎಲ್ಲಿದೆ, ಫೋಟೋ ತೆಗೀಬೇಕು" ಅಂತ ಒಬ್ಬರು ಕೇಳಿದ್ರು. ಇಲ್ಲ ಸರ್. ಹುಲ್ಲು, ಮಣ್ಣು, ಮರದ ಕಟ್ಟಡ ಏಳುನೂರು ಮಳೆಗಾಲ ನಿಲ್ಲಲ್ಲ.

ಹೊನ್ನಾವರದ ಕೋಟೆ? ಪೋರ್ಚುಗೀಸರದ್ದು ಇತ್ತಂತಲ್ಲ.

1569ರಲ್ಲಿ ಊರು ಹಿಡಿದು ಕೋಟೆ ಕಟ್ಟಿದ್ರು. ಅದಕ್ಕೂ ಮುಂಚೆ, 1505ರಲ್ಲಿ ಪೋರ್ಚುಗೀಸರ ವೈಸ್‌ರಾಯ್ ಅಲ್ಮೇಡಾ ಬಂದು ಇಲ್ಲಿನ ಹಡಗು ಸುಟ್ಟಿದ್ದ. ಮಜಾ ಏನಂದ್ರೆ ಐದೇ ವರ್ಷಕ್ಕೆ, 1510ರಲ್ಲಿ, ಗೋವಾ ಹಿಡಿಯೋಕೆ ಪೋರ್ಚುಗೀಸರ ಅಲ್ಬುಕರ್ಕ್‌ಗೆ ದಾರಿ ತೋರಿಸಿದ್ದು ಇದೇ ಹೊನ್ನಾವರದ ತಿಮ್ಮೋಜ. ಕಡಲುಗಳ್ಳ ಅನ್ನೋರೂ ಇದ್ದಾರೆ, ನೌಕಾ ದಂಡನಾಯಕ ಅನ್ನೋರೂ ಇದ್ದಾರೆ, ಆ ಕಾಲದಲ್ಲಿ ಎರಡರ ಮಧ್ಯ ಅಂಥ ದೊಡ್ಡ ಗೆರೆ ಇರಲಿಲ್ಲ ಅನ್ಸ್ತದೆ. 1783–84ರಲ್ಲಿ ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿದಾಗ ಟೊರಿಯಾನೊ ಅನ್ನೋ ಇಂಗ್ಲಿಷ್ ಕ್ಯಾಪ್ಟನ್ ಈ ಕೋಟೆಯೊಳಗೆ ತಿಂಗಳುಗಟ್ಟಲೆ ಹಿಡ್ಕೊಂಡು ಕೂತಿದ್ದ, 1784ರ ಮಾರ್ಚಲ್ಲಿ ಮಂಗಳೂರು ಒಪ್ಪಂದ ಆಗೋವರೆಗೂ.

ಇಷ್ಟೆಲ್ಲ ನಡೆದ ಕೋಟೆ ನೋಡ್ತೇನೆ ಅಂತ ಬಂದ್ರೆ ನಿರಾಸೆ ಆಗ್ತದೆ. ನೋಡೋ ಅಂಥದ್ದು ಏನೂ ಉಳಿದಿಲ್ಲ. ಬದಲಿಗೆ ಬಂದರಿನ ಕಡೆ ಹೋಗಿ ಅಳಿವೆ ನೋಡಿ, ಹೊಳೆ ಸಮುದ್ರಕ್ಕೆ ಸೇರೋ ಬಾಯಿ ಎಷ್ಟು ಇಕ್ಕಟ್ಟು, ಒಳಗೆ ನೀರು ಎಷ್ಟು ಅಗಲ. ಅದನ್ನ ನೋಡಿದ್ರೆ ಹಡಗಿನವರಿಗೆ ಈ ಊರು ಯಾಕೆ ಬೇಕಾಗಿತ್ತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಬಸವರಾಜದುರ್ಗಕ್ಕೆ ಬೋಟ್ ಸಿಗ್ತದಾ?

ಅಳಿವೆಯಿಂದ ಆಚೆ ಸಮುದ್ರದಲ್ಲಿ ಕಾಣೋ ಗುಡ್ಡದಂಥ ದ್ವೀಪ ಅದು. ಕೆಳದಿ ಅರಸರ ಕಾಲದಲ್ಲಿ ಸುತ್ತ ಚಿರೆಕಲ್ಲಿನ ಗೋಡೆ ಕಟ್ಟಿ ಕೋಟೆ ಮಾಡಿದ್ದು. ಮೇಲೆ ನಿಂತ್ರೆ ಹೊಳೆಗೆ ಬರೋ ಹೋಗೋ ಪ್ರತಿ ಹಡಗು ಕಣ್ಣಿಗೆ ಬೀಳ್ತದೆ, ಕಟ್ಟಿದ್ದೂ ಅದಕ್ಕೇ.

ಅಲ್ಲಿಗೆ ಟೈಮ್‌ಟೇಬಲ್ ಇರೋ ಬೋಟ್ ಇಲ್ಲ, ಮೀನುಗಾರರ ದೋಣಿಯವರನ್ನ ಕೇಳ್ಬೇಕು, ಅಲೆ ನೋಡಿ ಬರ್ತಾರೆ ಅಥವಾ ಇಲ್ಲ. ರೇಟು ಹತ್ತೋ ಮೊದಲೇ ಮಾತಾಡಿ, ಅದರಲ್ಲೂ ಒಂದು ವಿಷಯ ಬಿಡಿಸಿ ಕೇಳಿ: ಇಳಿಯೋಕೆ ಆಗದಿದ್ರೆ ಎಷ್ಟು? ನಾವು ಏಳು ಜನ ಒಂದು ಸಲ ಹೋಗಿ, ಹತ್ರ ಹೋದ್ಮೇಲೆ "ಅಲೆ ಜೋರಿದೆ, ದೋಣಿ ಕಲ್ಲಿಗೆ ತಾಗ್ತದೆ" ಅಂತ ದ್ವೀಪಕ್ಕೆ ಒಂದು ಸುತ್ತು ಹೊಡೆಸಿ ವಾಪಸ್ ತಂದು ಪೂರ್ತಿ ದುಡ್ಡು ಇಸ್ಕೊಂಡ್ರು. ಅವರು ಹೇಳಿದ್ದು ಸುಳ್ಳಲ್ಲ, ಅಲೆ ಇತ್ತು. ದಡದಲ್ಲೇ ಹೇಳ್ಬಹುದಿತ್ತಲ್ಲ ಅನ್ನೋದಷ್ಟೇ ನನ್ನ ಸಂಕಟ. ಲೈಫ್ ಜಾಕೆಟ್ ಇಲ್ದಿದ್ರೆ ಹತ್ತಲೇಬೇಡಿ. 2019ರ ಜನವರಿಲಿ ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ವಾಪಸ್ ಬರೋವಾಗ ದೋಣಿ ಮುಳುಗಿ 16 ಜನ ಹೋದ್ರು, ಇದೇ ಕರಾವಳಿ, ಇದೇ ತಿಳಿ ಬಿಸಿಲಿನ ತಿಂಗಳು. ಜೂನ್, ಜುಲೈಯಲ್ಲಂತೂ ಕೇಳೋದೇ ಬೇಡ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯೇ 61 ದಿನ ಬಂದ್.

ನಮಗೆ ಸಮುದ್ರ ಭಯ. ಹೊಳೇಲಿ ಬೋಟಿಂಗ್ ಇದೆಯಾ?

ಇದೆ, ಬ್ರಿಜ್ ಹತ್ರ ಬೋಟಿನವರು ಇರ್ತಾರೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಸಂದೀಲಿ ಸುತ್ತಿಸ್ಕೊಂಡು ಬರ್ತಾರೆ. ಅದು ಇತಿಹಾಸ ಅಲ್ಲ ಅಂತ ಬಿಡ್ಬೇಡಿ. ನಮ್ಮ ಅಜ್ಜನ ಕಾಲದಲ್ಲಿ ಹೊಳೆಸಾಲಿನವರ ಮದುವೆ ದಿಬ್ಬಣ ದೋಣೀಲೇ ಹೋಗ್ತಿತ್ತು, ಅಡಿಕೆ, ತೆಂಗು, ಅಕ್ಕಿ ಮೂಟೆ ಎಲ್ಲ ದೋಣೀಲೇ. ಭರತ ಏರುವಾಗ ಹೊರಟ್ರೆ ನೀರೇ ಮೇಲಕ್ಕೆ ಒಯ್ತದೆ, ಇಳಿತ ಶುರುವಾದ್ಮೇಲೆ ವಾಪಸ್, ಹುಟ್ಟು ಹಾಕೋದು ಅರ್ಧ ಉಳೀತಿತ್ತಂತೆ. ಪಂಚಾಂಗ ನೋಡ್ತಿದ್ದಿದ್ದು ಮುಹೂರ್ತಕ್ಕೆ ಮಾತ್ರ ಅಲ್ಲ, ತಿಥಿ ಗೊತ್ತಾದ್ರೆ ಭರತದ ಹೊತ್ತೂ ಗೊತ್ತಾಗ್ತಿತ್ತು. ಮಾವಿನಕುರ್ವೆ, ಪಾವಿನಕುರ್ವೆ ಅಂತ ಹೆಸರು ಕೇಳ್ತೀರಲ್ಲ, ಕುರ್ವೆ ಅಂದ್ರೆ ಹೊಳೆ ನಡುಗಡ್ಡೆ. ಹೈಗುಂದವೂ ನಡುಗಡ್ಡೆನೇ, ಅಲ್ಲಿ ತುಂಬ ಹಳೇ ಮೂರ್ತಿಗಳಿವೆ.

ಹೆದ್ದಾರಿ ಪಕ್ಕ ಗುಡ್ಡದ ಮೇಲೆ ಒಂದು ಎತ್ತರದ ಕಂಬ ಇದೆಯಲ್ಲ, ಲೈಟ್‌ಹೌಸಾ?

ಅಲ್ಲ. ಕರ್ನಲ್ ಹಿಲ್ ಕಂಬ. ಹಿಲ್ ಅಂದ್ರೆ ಇಲ್ಲಿ ಗುಡ್ಡ ಅಲ್ಲ, ಆ ಬ್ರಿಟಿಷ್ ಅಧಿಕಾರಿಯ ಹೆಸರೇ ಹಿಲ್. ಹತ್ತು ನಿಮಿಷ ಸಾಕು.

ಮಿರ್ಜಾನ್ ಕೋಟೆ ಇದೇ ಟ್ರಿಪ್ಪಲ್ಲಿ ಸೇರಿಸ್ಬಹುದಾ?

ಸೇರಿಸಿ. ಅದು ಬೇರೆ ಹೊಳೆ, ಅಘನಾಶಿನಿ, ಆದ್ರೆ ಕತೆ ಒಂದೇ. ಕುಮಟಾ ದಾಟಿ ಸುಮಾರು 10 ಕಿಲೋಮೀಟರು, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಕಟ್ಟಿಸಿದ್ದು ಚೆನ್ನಭೈರಾದೇವಿ ಅಂತ ಹೇಳ್ತಾರೆ. ಉಳಿದ ಕಡೆ ನಾನು "ಊಹೆ ಮಾಡ್ಕೊಳ್ಳಿ" ಅಂತ ಹೇಳಿ ಹೇಳಿ ನಿಮಗೆ ಬೇಜಾರು ಬಂದಿರ್ತದೆ, ಇಲ್ಲಿ ಊಹೆ ಬೇಡ, ಕೋಟೆ ಕೋಟೆ ತರಾನೇ ಇದೆ. ದುಂಡನೆ ಬುರುಜು, ಕಂದಕ, ಮೆಟ್ಟಿಲಿಳಿಯೋ ಬಾವಿ, ಗೋಡೆ ಸೀಳ್ಕೊಂಡು ಬೆಳೆದ ಮರದ ಬೇರು. ಪುರಾತತ್ವ ಇಲಾಖೆಯವರು 2000–01ರಲ್ಲಿ ಅಗೆದಾಗ 1652ರ ಪೋರ್ಚುಗೀಸ್ ಚಿನ್ನದ ನಾಣ್ಯ, ಪಿರಂಗಿ ಗುಂಡು, ಚೀನಾ ಪಿಂಗಾಣಿ ಚೂರು ಸಿಕ್ಕಿದ್ವು. ಚೀನಾ ಪಾತ್ರೆ ಮಿರ್ಜಾನಿಗೆ ಹೇಗೆ ಬಂತು ಅಂತ ಮಕ್ಕಳು ಕೇಳಿದ್ರೆ ಹೊಳೆ ಕಡೆ ಕೈ ತೋರಿಸಿ.

ಮಳೆಗಾಲ ಮುಗಿಯೋ ಹೊತ್ತಿಗೆ ಗೋಡೆ ತುಂಬ ಹುಲ್ಲು ಬೆಳೆದು ಪೂರ್ತಿ ಹಸಿರು, ರೀಲ್ಸ್ ಮಾಡೋರು ಅದಕ್ಕೇ ಮುಗಿಬೀಳ್ತಾರೆ. ಚಿರೆಕಲ್ಲು ಪಾಚಿ ಹಿಡಿದಾಗ ಸೋಪಿನ ತರ ಜಾರ್ತದೆ, ಗೋಡೆ ಅಂಚಿಗೆ ಹೋಗಿ ಹಿಂದೆ ಹಿಂದೆ ಹೆಜ್ಜೆ ಇಡ್ಬೇಡಿ.

ಮುರುಡೇಶ್ವರ, ಇಡಗುಂಜಿ?

ಹೋಗಿ ಬನ್ನಿ. ಮುರುಡೇಶ್ವರ ಹಳೇ ಕ್ಷೇತ್ರನೇ, ಈಗ ಕಾಣೋ 123 ಅಡಿ ಶಿವ, ರಾಜಗೋಪುರ ಎಲ್ಲ ಹೊಸದು. ಗೋಕರ್ಣ, ಧಾರೇಶ್ವರ, ಗುಣವಂತೆ, ಮುರುಡೇಶ್ವರ, ಕಾರವಾರದ ಶೆಜ್ಜೇಶ್ವರ ಸೇರಿ ಪಂಚಕ್ಷೇತ್ರ. ಇಡಗುಂಜಿಗೆ ಹೋಗೋರು ಗುಣವಂತೆ ಮೇಲೇ ಹೋಗ್ತೀರಿ, ಗುಣವಂತೆ ಕೆರೆಮನೆ ಯಕ್ಷಗಾನದವರ ಊರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮೇಳ ಕಟ್ಟಿದ್ರು, ಇವತ್ತಿಗೂ ನಡೀತಿದೆ. ನೀವು ಬಂದ ದಿನ ಎಲ್ಲಾದ್ರೂ ಆಟ ಇದೆ ಅಂತ ಗೊತ್ತಾದ್ರೆ ಮರುದಿನದ ಪ್ಲ್ಯಾನ್ ಕ್ಯಾನ್ಸಲ್ ಮಾಡಿ ಆಟಕ್ಕೆ ಕೂತ್ಕೊಳ್ಳಿ.

ಊಟಕ್ಕೆ ಏನು ಸಿಗ್ತದೆ?

ಮೀನು ತಿನ್ನೋರಿಗೆ ಚಿಂತೆ ಇಲ್ಲ, ಬಂಗಡೆ, ಕಾಣೆ, ಸಿಗಡಿ, ಪುಣ್ಯ ಇದ್ರೆ ಹೊಳೆ ಬಳಚಿನ (ಚಿಪ್ಪಿನ) ಸುಕ್ಕ. ತಿನ್ನದವರು ಹೋಟೆಲಲ್ಲಿ ನಾರ್ತ್ ಇಂಡಿಯನ್ ಥಾಲಿ ಹುಡುಕ್ಬೇಡಿ, ಅಪ್ಪೆಹುಳಿ, ತಂಬುಳಿ ಸಿಕ್ಕಿದ ಕಡೆ ಕೂತುಬಿಡಿ. ಬಿಸಿಲಲ್ಲಿ ಸುತ್ತಿ ಬಂದ್ಮೇಲೆ ಒಂದು ಗ್ಲಾಸ್ ಮುರುಗಲು (ಕೋಕಂ) ಶರಬತ್ತು. ಮನೆಗೆ ಒಯ್ಯೋಕೆ ತೊಡೆದೇವು, ಮಡಿಕೆ ಬೆನ್ನ ಮೇಲೆ ಹಿಟ್ಟು ಸವರಿ ತೆಗೆಯೋ ಪೇಪರಿನಷ್ಟು ತೆಳು ಸಿಹಿ. ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ ಇಡಿ, ಕೆಳಗಿಟ್ರೆ ಬೆಂಗ್ಳೂರು ಮುಟ್ಟುವಾಗ ಪುಡಿ.

ಶಾಸನದ ಅಕ್ಷರ ಓದೋಕೆ ಆಗಲ್ಲ, ಸೀಮೆಸುಣ್ಣ ತಿಕ್ಕಿದ್ರೆ ಕಾಣ್ತದಂತೆ, ಮಾಡ್ಬಹುದಾ?

ಬೇಡ. ಸೀಮೆಸುಣ್ಣ, ಹಿಟ್ಟು, ಎಣ್ಣೆ ಏನೂ ಬೇಡ, ಕಲ್ಲಿನ ರಂಧ್ರಕ್ಕೆ ಕೂತ್ರೆ ಮತ್ತೆ ಬರಲ್ಲ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ಬದಿಯಿಂದ ನೋಡಿ, ಅಕ್ಷರ ತಾವಾಗಿ ಎದ್ದು ಬರ್ತವೆ. ನಡು ಮಧ್ಯಾಹ್ನ ಏನೂ ಇಲ್ಲ ಅಂದ್ಕೊಂಡು ದಾಟಿಹೋಗಿದ್ದ ಒಂದು ಕಲ್ಲನ್ನ ಸಂಜೆ ನಾಲ್ಕೂವರೆಗೆ ವಾಪಸ್ ಬರುವಾಗ ನೋಡಿದ್ರೆ ತಲೇಲಿ ಸೂರ್ಯ ಚಂದ್ರ, ಕೆಳಗೆ ಸಾಲು ಸಾಲು ಬರಹ. ಅದೇ ಕಲ್ಲು, ಅದೇ ನಾನು.

ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದ್ರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ, ಹೆಸರು ಕೆತ್ತೋರಿಗೂ ಇದೇ.

ಇಲ್ಲಿ ನಿಧಿ ಇದೆಯಂತೆ ಹೌದಾ?

ಈ ಪ್ರಶ್ನೆ ನಗ್ತಾ ಕೇಳ್ತಾರೆ, ಆದ್ರೆ ಕೇಳೇ ಕೇಳ್ತಾರೆ. ನಿಧಿ ಆಸೆಗೆ ರಾತ್ರಿ ಬಂದು ಮೂರ್ತಿ ಬುಡ ಅಗೆದು ಹೋದ ಗುಂಡಿ ಕಾಡಲ್ಲಿ ಕಣ್ಣಾರೆ ನೋಡಿದ್ದೇನೆ. ಪಕ್ಕದಲ್ಲಿ ನಿಂಬೆಹಣ್ಣು, ಕುಂಕುಮ, ಒಂದು ಖಾಲಿ ಕ್ವಾರ್ಟರ್ ಬಾಟಲಿ. ಈ ಊರಿನ ಸಂಪತ್ತು ಮೆಣಸು, ಅದು ದೋಣಿ ಹತ್ತಿ ಯಾವತ್ತೋ ಹೋಯ್ತು.

ವಯಸ್ಸಾದವರು, ಸಣ್ಣ ಮಕ್ಕಳು ಇದ್ದಾರೆ, ಒಟ್ಟು ಎಷ್ಟು ದಿನ ಬೇಕು?

ಎರಡು ದಿನ ಆರಾಮ. ಮೊದಲ ದಿನ ಬೆಳಗ್ಗೆ ಗೇರುಸೊಪ್ಪ ಬಸದಿ, ಸಂಜೆ ಹೊನ್ನಾವರ ಅಳಿವೆ, ಹೊಳೇಲಿ ಬೋಟು. ಮರುದಿನ ಮಿರ್ಜಾನ್. ದುರ್ಗ ಅಲೆ ಮೇಲೆ ಬಿಟ್ಟಿದ್ದು. ಮಂಡಿ ನೋವಿರೋ ಅಮ್ಮ, ಅತ್ತೆಯವರಿಗೆ ಮಿರ್ಜಾನ್ ಸುಲಭ, ಬಸದಿ ದಾರಿ ಸ್ವಲ್ಪ ಕಷ್ಟ, ದುರ್ಗ ಬೇಡವೇ ಬೇಡ. ಎರಡು ದಿನಕ್ಕೆ ಗೋಕರ್ಣ, ಯಾಣ, ಜೋಗ, ಮುರುಡೇಶ್ವರ ಎಲ್ಲ ಸೇರಿಸಿ ಲಿಸ್ಟ್ ಕಳಿಸಿ "ಆಗ್ತದಾ" ಅಂತ ಕೇಳ್ಬೇಡಿ. ಡ್ರೈವರಿಗೆ ಆಗ್ತದೆ, ನಿಮಗೆ ಕಾರಿನ ಸೀಟು ನೋಡಿದ್ದೇ ನೆನಪಿರ್ತದೆ.

ಸೂರ್ಯ ಮುಳುಗೋದು ಎಲ್ಲಿಂದ ಚಂದ?

ಇಲ್ಲೇ ಹೊನ್ನಾವರದ ಹತ್ರದ ಕಾಸರಕೋಡಿನ ಇಕೋ ಬೀಚ್ ಅಂತ ಎಲ್ಲ ಹೇಳ್ತಾರೆ, 2020ರಲ್ಲಿ ಬ್ಲೂ ಫ್ಲ್ಯಾಗ್ ಅನ್ನೋ ಶುಚಿ ಬೀಚಿನ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದ ಬೀಚು, ಚೊಕ್ಕ ಇದೆ. ನನಗಾದ್ರೆ ಕರಿಕಾನಮ್ಮನ ಗುಡ್ಡ, ದೇವಸ್ಥಾನದ ಹತ್ರ ನಿಂತ್ರೆ ಕೆಳಗೆ ಹೊಳೆ, ಅದರಾಚೆ ಸಮುದ್ರ ಒಟ್ಟಿಗೇ ಕಾಣ್ತದೆ. ದಾರಿ ತಿರುವು ಜಾಸ್ತಿ, ಕತ್ತಲಾಗೋ ಮೊದಲೇ ಇಳಿದುಬಿಡಿ. ಮತ್ತೆ ಶರಾವತಿ ಬ್ರಿಜ್ ಮೇಲೆ ಗಾಡಿ ಸೈಡಿಗೆ ಹಾಕಿ ಫೋಟೋ ತೆಗೆಯೋದು ಬೇಡ ದಯವಿಟ್ಟು, ಹಿಂದಿಂದ ಲಾರಿ ಬರ್ತಾನೇ ಇರ್ತವೆ.